ಉಗುರು ಬಣ್ಣ, ರೇಷ್ಮೆ ಅಂಗಿ: ಕ್ಯಾಲಿಫೋರ್ನಿಯಾದ ವಿಯೆಟ್ನಾಂ ಹೆಂಗಸರು

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಪತನವಾಗಿ ಅನೇಕರು ದೇಶ ತೊರೆದರು. ಆ ವರ್ಷ ಸ್ಯಾಕ್ರಮೆಂಟೊ ಬಳಿಯ ಹೋಪ್ ವಿಲೇಜ್ ನಿರಾಶ್ರಿತರ ಶಿಬಿರಕ್ಕೆ ಹೋಗಿಬರುತ್ತಿದ್ದ ಹಾಲಿವುಡ್ ನಟಿ ಟಿಪ್ಪಿ ಹೆಡ್ರನ್ ಅವರ ಉಗುರುಗಳನ್ನು ಅಲ್ಲಿನ ಹೆಂಗಸರು ಬೆರಗಿನಿಂದ ನೋಡಿದರು. ನಟಿ ತಮ್ಮ ಉಗುರು ಸಿಂಗರಿಸುವವರನ್ನೇ ಕರೆತಂದು 20 ಮಂದಿಗೆ ಕೆಲಸ ಕಲಿಸಿದರು. ಇಂಗ್ಲಿಷ್ ಹೆಚ್ಚು ಬೇಡದ, ಬೇಗ ಕೈಹಿಡಿಯುವ ಕಸುಬು. ಅಕ್ಕ ತಂಗಿಗೆ ಕಲಿಸಿದಳು, ಅತ್ತೆ ಸೊಸೆಗೆ. ಇಂದು ಕ್ಯಾಲಿಫೋರ್ನಿಯಾದ ಉಗುರು ಸಲೂನುಗಳಲ್ಲಿ ಇವರದೇ ಮೇಲುಗೈ. ದಿನವಿಡೀ ಅಸಿಟೋನ್ ವಾಸನೆ, ಅರದ ಧೂಳಿನ ನಡುವೆ ದುಡಿದು ಊರಿನ ಹೆತ್ತವರಿಗೂ ಹಣ ಕಳಿಸಿದ ಈ ಹೆಂಗಸರ ಶ್ರಮವನ್ನು ಬರೀ ಅಲಂಕಾರದ ಕೆಲಸವೆಂದು ಕರೆಯುವುದು ಅನ್ಯಾಯ.

ಈ ಹೆಂಗಸರು ಬೆಳೆದ ವಿಯೆಟ್ನಾಂನಲ್ಲಿ ಕನ್ಫ್ಯೂಷಿಯನ್ ಸಂಪ್ರದಾಯ ಹೆಣ್ಣಿಗೆ ಕೆಲಸ, ರೂಪ, ಮಾತು, ನಡತೆ ಎಂಬ ನಾಲ್ಕು ಗುಣಗಳನ್ನು ವಿಧಿಸಿತ್ತು. ಬಿಳಿ ಮೈಬಣ್ಣ, ಸಪೂರ ಮೈಕಟ್ಟಿನ ಆಸೆ ವಲಸೆಯಲ್ಲೂ ಜೊತೆಗೆ ಬಂತು. “ದಪ್ಪಗಾಗಿದ್ದೀಯ” ಎಂಬ ತಾಯಿಯ ಮಾತು ಅವಳ ಪಾಲಿಗೆ ಕಾಳಜಿ; ಅಮೆರಿಕದಲ್ಲಿ ಬೆಳೆದ ಮಗಳಿಗೆ ಅದು ಚುಚ್ಚುಮಾತು. ಇಬ್ಬರ ನೋವೂ ನಿಜವೇ.

ಎದುರಿನ ಆವ್ ಜಾಯ್ ಎಂಬ ವಿಯೆಟ್ನಾಂ ಉಡುಪನ್ನು ಹತ್ತಿರದಿಂದ ನೋಡಿ: ನಿಂತ ಕೊರಳುಪಟ್ಟಿ, ಸೊಂಟದಿಂದ ಸೀಳಿದ ಎರಡು ಉದ್ದ ಸೆರಗುಗಳು, ಒಳಗೆ ಸಡಿಲ ಪೈಜಾಮ. ಮೈಗೊಪ್ಪುವ ಈ ಆಧುನಿಕ ರೂಪಕ್ಕೆ 1930ರ ದಶಕದ ಹನೋಯ್‌ನ ಕಲಾವಿದರು ನಾಂದಿ ಹಾಡಿದರು. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್‌ನ ವಿಯೆಟ್ನಾಂ ವಲಸಿಗರ ಬಡಾವಣೆ ಲಿಟಲ್ ಸೈಗಾನ್‌ನಲ್ಲಿ ಹೊಸವರ್ಷದ ತೆತ್ ಹಬ್ಬಕ್ಕೂ ಮದುವೆಗೂ ತಾಯಿ, ಮಗಳು ಇಬ್ಬರೂ ಇದನ್ನು ಉಡುತ್ತಾರೆ.