ತೊಟ್ಟಿಲ ಲೆಕ್ಕ: ವಿಚ್ಛೇದನ, ಜೀವನಾಂಶ ಮತ್ತು ಎಣಿಕೆಗೆ ಬಾರದ ಪಾಲನೆ

ಎರಡು ವರ್ಷದ ಕೂಸಿರುವ ಗೃಹಿಣಿಯೊಬ್ಬಳು ಲಾರಿ ಬಡಿದು ಸತ್ತರೆ, ಆಕೆ ಮನೆಯೊಳಗೆ ಮಾಡುತ್ತಿದ್ದ ದುಡಿಮೆಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಬೆಲೆ ಕಟ್ಟುತ್ತದೆ. ಒಂದು ರೂಪಾಯಿ ಸಂಬಳ ತರದಿದ್ದವಳಿಗೂ ತಿಂಗಳಿಗೆ ಇಷ್ಟೆಂದು ಕಾಲ್ಪನಿಕ ವರಮಾನ ಗೊತ್ತುಮಾಡಿ, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತದೆ. 26ರಿಂದ 30 ವರ್ಷದವಳಾದರೆ ಆ ಗುಣಕ 17. ಜಮ್‌ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ದುರಂತದಲ್ಲಿ ಮಡಿದ ಗೃಹಿಣಿಯರ ದುಡಿಮೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿಯಿತು. 2021ರ ಜನವರಿ 5ರ ತೀರ್ಪಿನಲ್ಲಿ ನ್ಯಾ. ಎನ್.ವಿ. ರಮಣ ಅವರು ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನೇ ಮುಂದಿಟ್ಟು, ಮನೆಗೆಲಸಕ್ಕೆ ಆರ್ಥಿಕ ಮೌಲ್ಯವಿಲ್ಲ ಎಂಬ ನಂಬಿಕೆಯನ್ನು ತಳ್ಳಿಹಾಕಿದರು. ಅದೇ ಗೃಹಿಣಿ ಬದುಕಿದ್ದು, ಅದೇ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಿದರೆ ಲೆಕ್ಕದ ರೀತಿಯೇ ಬೇರೆ. ಆಕೆಯ ದುಡಿಮೆ ಎಷ್ಟು ಬಾಳುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆಕೆಗೆ ಎಷ್ಟಿದ್ದರೆ ಸಾಕು ಎಂದು ಕೇಳುತ್ತಾರೆ. ಎಳೆಯ ಮಕ್ಕಳಿರುವ ದಂಪತಿ ಬೇರಾದಾಗ ಹಣಕಾಸಿನ ಪೆಟ್ಟು ಒಬ್ಬರ ಮೇಲೇ ಹೆಚ್ಚು ಬೀಳುವುದಕ್ಕೆ ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ. ಮಗುವಿನ ಖರ್ಚನ್ನು ನಮ್ಮ ಕಾನೂನು ಎಣಿಸುತ್ತದೆ. ಮಗುವನ್ನು ನೋಡಿಕೊಳ್ಳುವವರಿಗೆ ಆ ಕಾರಣಕ್ಕೇ ಆಗುವ ನಷ್ಟವನ್ನು ಬಾಯಿಮಾತಿನಲ್ಲಿ ಒಪ್ಪುತ್ತದೆಯೇ ಹೊರತು ಎಣಿಸುವುದಿಲ್ಲ.

ಇದರ ಬೇರು ಜೀವನಾಂಶವೆಂಬ ಕಲ್ಪನೆಯ ಹುಟ್ಟಿನಲ್ಲಿಯೇ ಇದೆ. ಹೆಂಡತಿ ಮಕ್ಕಳು ಬೀದಿಪಾಲಾಗಬಾರದು, ನಿರ್ಗತಿಕರಾಗಿ ಅಲೆಯಬಾರದು ಎಂಬ ಉದ್ದೇಶದಿಂದ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಂ ಬಂತು. 1973ರಲ್ಲಿ ಅದು 125ನೆಯ ಕಲಮಾಯಿತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಸಂಖ್ಯೆ ಬದಲಾದರೂ ಗುಣ ಬದಲಾಗಲಿಲ್ಲ. ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ಮಿತಿ 2001ರ ತಿದ್ದುಪಡಿ ಬರುವ ತನಕ ಉಳಿದುಕೊಂಡಿತ್ತು. 1985ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾದ ಶಾ ಬಾನೊ ಪ್ರಕರಣ ದೇಶದ ರಾಜಕಾರಣವನ್ನೇ ಅಲುಗಾಡಿಸಿತು. ಆದರೆ ಅಷ್ಟೆಲ್ಲ ಗದ್ದಲ ನಡೆದದ್ದು ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶದ ಸುತ್ತ ಎಂಬುದನ್ನು ಈಗ ನೆನೆಯುವವರು ಕಡಿಮೆ. ಹಸಿವು ತಡೆಯಲೆಂದು ಹುಟ್ಟಿದ ಪರಿಹಾರ ಅಗತ್ಯವನ್ನು ಅಳೆಯುತ್ತದೆ, ನಷ್ಟವನ್ನು ಅಳೆಯುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೆಯ ಕಲಂಗಳು ಗಂಡ ಹೆಂಡತಿ ಇಬ್ಬರಿಗೂ ಜೀವನಾಂಶ ಕೇಳುವ ಹಕ್ಕು ಕೊಟ್ಟು, ಇಬ್ಬರ ವರಮಾನವನ್ನೂ ನಡತೆಯನ್ನೂ ನೋಡಬೇಕೆನ್ನುವುದರಿಂದ ಸ್ವಲ್ಪ ವಿಶಾಲ ನಿಜ. ಆದರೂ ಅಲ್ಲಿಯೂ ತೂಕದ ಕಲ್ಲು ಅಗತ್ಯವೇ.

ನಷ್ಟ ಎಷ್ಟು ದೊಡ್ಡದು? 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ ಸರಾಸರಿ 140 ನಿಮಿಷ ಕಳೆಯುತ್ತಾರೆ. ಗಂಡಸರಲ್ಲಿ ತೊಡಗುವವರು ಶೇ. 21.4, ಅವರ ಸಮಯ 74 ನಿಮಿಷ. ಅಡುಗೆ, ಬಟ್ಟೆ, ಪಾತ್ರೆಗಳ ಲೆಕ್ಕ ಇದಕ್ಕೆ ಹೊರಗಿನದು. ಇದು ಒಟ್ಟಿಗೆ ಬಾಳುವ ಮನೆಗಳನ್ನೂ ಒಳಗೊಂಡ ಸರಾಸರಿ. ದಂಪತಿ ಬೇರಾದರೆ ಎರಡನೆಯ ಜೋಡಿ ಕೈ ದಿನನಿತ್ಯದ ಆರೈಕೆಯಿಂದ ಕಳಚಿಕೊಳ್ಳುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೆಯ ಕಲಂ ಹೇಳುವುದರಿಂದ ಆ ಹೊರೆ ಯಾರ ಹೆಗಲಿಗೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ತಿಂಗಳಿಗೆ 30,000 ರೂಪಾಯಿ ದುಡಿಯುತ್ತಿದ್ದ ಹೆಂಗಸೊಬ್ಬಳು ಹೆರಿಗೆಯಾದ ಮೇಲೆ ನಾಲ್ಕು ವರ್ಷ ಕೆಲಸ ಬಿಟ್ಟಳೆನ್ನಿ. ವರ್ಷಕ್ಕೆ ಶೇ. 8ರಂತೆ ಸಂಬಳ ಏರುತ್ತಿತ್ತೆಂದು ಹಿಡಿದರೆ ಕೈಬಿಟ್ಟ ಗಳಿಕೆ ಸುಮಾರು 16 ಲಕ್ಷ 20 ಸಾವಿರ. ಮತ್ತೆ ಕೆಲಸಕ್ಕೆ ಸೇರುವಾಗ ಹಳೆಯ 30,000ವೇ ಸಿಕ್ಕಿತೆಂದರೂ, ಬಿಡದೆ ದುಡಿದಿದ್ದರೆ ಸಿಗುತ್ತಿದ್ದ 40,800ಕ್ಕೆ ಹೋಲಿಸಿದರೆ ತಿಂಗಳಿಗೆ 10,800 ಕಡಿಮೆ. ಈ ಎರಡನೆಯ ಕೊರತೆ ಮುಂದಿನ ವರ್ಷಗಳಿಗೂ ನಡೆದುಬರುತ್ತದೆ, ಭವಿಷ್ಯ ನಿಧಿಯಲ್ಲೂ ಕಾಣಿಸಿಕೊಳ್ಳುತ್ತದೆ. ಕೆಲಸ ಬಿಡುವ ತೀರ್ಮಾನ ಮಾಡಿದಾಗ ಅದು ಇಬ್ಬರ ತೀರ್ಮಾನ. ಲಾಭವೂ ಇಬ್ಬರದು, ಏಕೆಂದರೆ ಗಂಡನ ನೌಕರಿ ಅಡೆತಡೆಯಿಲ್ಲದೆ ನಡೆಯಿತು. ಬೇರಾದ ದಿನದಿಂದ ನಷ್ಟ ಮಾತ್ರ ಒಬ್ಬಳದು.

ನ್ಯಾಯಾಲಯಗಳು ಇದನ್ನು ಕಾಣುವುದೇ ಇಲ್ಲ ಎಂದರೆ ತಪ್ಪಾದೀತು. 2020ರ ನವೆಂಬರ್ 4ರಂದು ನ್ಯಾ. ಇಂದು ಮಲ್ಹೋತ್ರಾ ಮತ್ತು ನ್ಯಾ. ಆರ್. ಸುಭಾಷ್ ರೆಡ್ಡಿ ಅವರ ಪೀಠ ಕೊಟ್ಟ ತೀರ್ಪು ಜೀವನಾಂಶದ ಇತಿಹಾಸದಲ್ಲಿ ಬಹಳ ಮುಖ್ಯವಾದುದು. ಆಸ್ತಿ, ಹೊಣೆಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದು ಅದು ವಿಧಿಸಿತು. ಮಕ್ಕಳಿಗಾಗಿ ನೌಕರಿ ಬಿಟ್ಟವಳ ತ್ಯಾಗವನ್ನೂ ಪರಿಗಣಿಸಬೇಕೆಂದಿತು. ಪರಿಗಣಿಸುವುದು ಹೇಗೆ, ಎಷ್ಟು ರೂಪಾಯಿಗೆ, ಎಂಬುದಕ್ಕೆ ಮಾತ್ರ ಸೂತ್ರವಿಲ್ಲ. ಇರುವ ಹತ್ತಿರದ ಅಳತೆಗೋಲೆಂದರೆ ಗಂಡನ ನಿವ್ವಳ ಸಂಬಳದ ಶೇ. 25 ನ್ಯಾಯವಾದ ಮೊತ್ತವಾದೀತು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತು. ವಕೀಲರು ಇದನ್ನು ಹೆಂಡತಿಯ ಪಾಲೆಂಬಂತೆ ಉಲ್ಲೇಖಿಸುತ್ತಾರೆ. ಆದರೆ ಆ ಪ್ರಕರಣದಲ್ಲಿ 23,000ದಿಂದ 20,000 ರೂಪಾಯಿಗೆ ಇಳಿದ ಮೊತ್ತ ತಾಯಿ ಮಗ ಇಬ್ಬರಿಗೂ ಸೇರಿದ್ದು, ಇಳಿಕೆಗೆ ಕಾರಣ ಗಂಡ ಮರುಮದುವೆಯಾಗಿ ಹೊಸ ಸಂಸಾರ ಹೂಡಿದ್ದು. ಕರ್ನಾಟಕ ಹೈಕೋರ್ಟ್ ಒಂದರಲ್ಲೇ ಎರಡು ದನಿಗಳು ಕೇಳುತ್ತವೆ. ಮದುವೆಗೆ ಮುಂಚೆ ದುಡಿಯುತ್ತಿದ್ದವಳು ಈಗ ಸುಮ್ಮನೆ ಕೂರುವಂತಿಲ್ಲ ಎಂಬ ಧಾಟಿಯಲ್ಲಿ 2023ರ ಆದೇಶವೊಂದು ಮೊತ್ತ ಇಳಿಸಿದ್ದನ್ನು ಎತ್ತಿಹಿಡಿಯಿತು; ಮರುವರ್ಷ ನ್ಯಾ. ಎಂ. ನಾಗಪ್ರಸನ್ನ ಅವರು ಮಕ್ಕಳನ್ನು ನೋಡಿಕೊಳ್ಳುವ ತಾಯಿಯದು ಹಗಲಿರುಳಿನ ದುಡಿಮೆ ಎಂದು ಗುರುತಿಸಿ 18,000 ರೂಪಾಯಿಯನ್ನು 36,000ಕ್ಕೆ ಏರಿಸಿದರು. ಎರಡನೆಯ ಆದೇಶದ ನ್ಯಾಯ ನನಗೆ ಒಪ್ಪಿಗೆ. ಆದರೂ ದುಪ್ಪಟ್ಟಾದದ್ದು ಯಾವ ಲೆಕ್ಕದಿಂದ? ಆಕೆ ಕೇಳಿದ್ದು ಅಷ್ಟೇ ಆದ್ದರಿಂದ. ಸೂತ್ರವಿಲ್ಲದ ಕಡೆ ಅಳತೆ ನ್ಯಾಯಾಧೀಶರ ಅನುಕಂಪಕ್ಕೆ ಬಿಟ್ಟದ್ದಾಗುತ್ತದೆ.

ಆಸ್ತಿಯ ವಿಷಯದಲ್ಲಿ ಅಂತರ ಇನ್ನೂ ಅಗಲ. ಹಿಂದೂ ವಿವಾಹ ಕಾಯ್ದೆಯ 27ನೆಯ ಕಲಂ ಮದುವೆಯ ಹೊತ್ತಿಗೆ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳಿಗಷ್ಟೇ ಅನ್ವಯ. ಸಂಸಾರದ ವರ್ಷಗಳಲ್ಲಿ ಕಟ್ಟಿದ ಮನೆ, ಕೊಂಡ ಸೈಟು ಯಾರ ಹೆಸರಿನಲ್ಲಿದೆಯೋ ಅವರದು. ಪಕ್ಕದ ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಆಸ್ತಿ ಇಬ್ಬರದೂ ಆಗಿ ಅರ್ಧರ್ಧ ಹಂಚಿಕೆಯಾಗುತ್ತದೆ. ಕಾರವಾರದಿಂದ ಕಾಳಿ ಸೇತುವೆ ದಾಟಿ ಅರ್ಧ ಗಂಟೆ ಹೋದರೆ ಮದುವೆಯ ಅರ್ಥಶಾಸ್ತ್ರವೇ ಬದಲಾಗುವುದು ನಮ್ಮ ಗಣರಾಜ್ಯದ ಒಂದು ವಿಚಿತ್ರ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆದಿತ್ತು. ಮರುವರ್ಷ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಉಳಿದ ದಾರಿ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅದರೊಂದಿಗೆ ಇಡಿಗಂಟು. ಇಡಿಗಂಟಿನಲ್ಲಿ ಒಮ್ಮೆಲೇ ಕೈತೊಳೆದುಕೊಳ್ಳುವ ನೆಮ್ಮದಿಯಿದೆ. ಆದರೆ ಮೂರು ವರ್ಷದ ಮಗುವಿನ ಅಂಗನವಾಡಿ ಕಾಲದಲ್ಲಿ ಒಪ್ಪಿಕೊಂಡ ಗಂಟು ಅದೇ ಮಗು ಪಿಯುಸಿಗೆ ಬರುವಾಗ ಎಷ್ಟು ಕರಗಿರುತ್ತದೆಂದು ಒಪ್ಪಂದದ ಮೇಜಿನಲ್ಲಿ ಯಾರೂ ಲೆಕ್ಕ ಹಾಕಿ ತೋರಿಸುವುದಿಲ್ಲ. ಜಂಟಿ ಹೆಸರಿನ ಗೃಹಸಾಲವಿದ್ದರೆ ಬ್ಯಾಂಕಿನ ಪಾಲಿಗೆ ವಿಚ್ಛೇದನ ಆಗಿಯೇ ಇಲ್ಲ. ಕಂತು ತಪ್ಪಿದರೆ ಇಬ್ಬರೂ ಬಾಕಿದಾರರೇ.

ಪಾಲನೆಯಿಂದಾದ ನಷ್ಟವನ್ನೂ ಎಣಿಸಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದುದು. ಅಪಘಾತದ ಪರಿಹಾರ ವಿಮಾ ಕಂಪನಿಯ ತಿಜೋರಿಯಿಂದ ಬರುತ್ತದೆ, ಜೀವನಾಂಶ ಒಬ್ಬ ಸಂಬಳದಾರನ ಕಿಸೆಯಿಂದ. ಒಂದು ಸಂಬಳದಲ್ಲಿ ಎರಡು ಬಾಡಿಗೆ, ಎರಡು ಗ್ಯಾಸ್ ಸಿಲಿಂಡರ್, ಮಗುವನ್ನು ನೋಡಲು ಹೋಗಿಬರುವ ಖರ್ಚು, ತಂದೆಯೂ ಬಡವಾಗುತ್ತಾನೆ. ನಿಜ. ಇಲ್ಲಿ ಅಂಕಿಗಳನ್ನು ಎಚ್ಚರದಿಂದ ಬಳಸಬೇಕೆಂಬುದಕ್ಕೆ ಅಮೆರಿಕದ ಒಂದು ಪಾಠವಿದೆ. ವಿಚ್ಛೇದನದ ನಂತರ ಹೆಂಗಸರ ಜೀವನಮಟ್ಟ ಶೇ. 73ರಷ್ಟು ಕುಸಿಯುತ್ತದೆ, ಗಂಡಸರದು ಶೇ. 42ರಷ್ಟು ಏರುತ್ತದೆ ಎಂದು ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ ಲೆನೋರ್ ವೈಟ್ಸ್‌ಮನ್ 1985ರಲ್ಲಿ ಬರೆದರು. ಆ ಅಂಕಿ ಎಲ್ಲೆಡೆ ಹರಡಿತು. ಅದೇ ದತ್ತಾಂಶವನ್ನು ರಿಚರ್ಡ್ ಪೀಟರ್ಸನ್ 1996ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕಿದ್ದು ಶೇ. 27ರ ಕುಸಿತ, ಶೇ. 10ರ ಏರಿಕೆ. ಉತ್ಪ್ರೇಕ್ಷೆ ಕಳಚಿದ ಮೇಲೂ ದಿಕ್ಕು ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ಕಿಸೆ ಚಿಕ್ಕದೆಂಬುದು ನಷ್ಟವನ್ನು ಎಣಿಸದಿರಲು ಕಾರಣವಾಗದು. ಎಣಿಸಿದ ಮೇಲೆ ಹಂಚುವಾಗ ಅದು ಗಣನೆಗೆ ಬರಬೇಕು. ಹಂಚುವ ಮಾದರಿ ನಮ್ಮಲ್ಲೇ ಇದೆ. ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಮಕ್ಕಳ ಖರ್ಚನ್ನು ಅವರ ಸಂಬಳಗಳ ಪ್ರಮಾಣ ನೋಡಿ 2:1ರಂತೆ ಇಬ್ಬರಿಗೂ ಹಂಚಿತು. ಅದೇ ಪ್ರಮಾಣವನ್ನು ಪಾಲನೆಯಿಂದಾದ ನಷ್ಟಕ್ಕೂ ವಿಸ್ತರಿಸಿದರೆ ತಂದೆ ಪೂರ್ತಿ ಹೊರೆ ಹೊರಬೇಕಿಲ್ಲ, ತಾಯಿಯೂ ಹೊರಬೇಕಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ಸದ್ದು ಮಾಡುವಂಥದ್ದು: ಇಂಥ ಲೆಕ್ಕ ಕೆಲಸಕ್ಕೆ ಹೋಗಬಲ್ಲವರನ್ನೂ ಮನೆಯಲ್ಲಿ ಕೂರಿಸುತ್ತದೆ, ದುರಾಸೆಗೆ ದಾರಿ ಮಾಡುತ್ತದೆ. 2024ರ ಆಗಸ್ಟ್‌ನಲ್ಲಿ ತಿಂಗಳಿಗೆ 6 ಲಕ್ಷ 16 ಸಾವಿರ ರೂಪಾಯಿ ಕೇಳಿದ ಅರ್ಜಿಯೊಂದನ್ನು ಕರ್ನಾಟಕ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದು ಈ ಭಾವನೆಗೆ ಇಂಬುಕೊಟ್ಟಿತು. ಆ ಪ್ರಕರಣವನ್ನು ಸರಿಯಾಗಿ ಓದಿದರೆ ಅದು ನನ್ನ ವಾದಕ್ಕೇ ಒದಗುತ್ತದೆ. ಅಗತ್ಯವೇ ಅಳತೆಯಾದ ಕಡೆ ಅಗತ್ಯವನ್ನು ಹಿಗ್ಗಿಸಿ ಬರೆಯುವ ಆಸೆ ಹುಟ್ಟುತ್ತದೆ. ಚಪ್ಪಲಿ ಎಷ್ಟು, ಬಟ್ಟೆ ಎಷ್ಟು ಎಂಬ ಪಟ್ಟಿ ಬೆಳೆಯುತ್ತದೆ. ಕೈಬಿಟ್ಟ ಗಳಿಕೆಯ ಲೆಕ್ಕ ಹಳೆಯ ಸಂಬಳ ಚೀಟಿಗೆ, ವಿದ್ಯಾರ್ಹತೆಗೆ, ಪಾಲನೆಯ ವರ್ಷಗಳಿಗೆ ಕಟ್ಟುಬೀಳುವುದರಿಂದ ಅದನ್ನು ಹಿಗ್ಗಿಸುವುದು ಅಷ್ಟು ಸುಲಭವಲ್ಲ. ದುಡಿಯಬಲ್ಲವಳು ಎಂಬುದೂ ದುಡಿಯುತ್ತಿದ್ದಾಳೆ ಎಂಬುದೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ವಿಧಿಸಿದರೂ, ಅಂಗಡಿ, ಸಣ್ಣ ಕಚೇರಿ, ಪರರ ಮನೆಗಳಲ್ಲಿ ದುಡಿಯುವವರು ಅದರ ಆಚೆಗೇ ಉಳಿಯುತ್ತಾರೆ. ಇನ್ನು, ಈ ಲೆಕ್ಕ ಹೆಂಗಸಿಗೆ ಅಂಟಿಕೊಳ್ಳಬೇಕಾದ್ದಲ್ಲ, ಪಾಲನೆಗೆ. ಮಗುವನ್ನು ನೋಡಿಕೊಳ್ಳಲು ತಂದೆ ಕೆಲಸದ ಹೊತ್ತು ಕಡಿತ ಮಾಡಿಕೊಂಡಿದ್ದರೆ ಅದೇ ಸೂತ್ರ ಅವನ ಕಡೆ ತಿರುಗಬೇಕು.

ಮೂರನೆಯ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. 2011ರ ಜನಗಣತಿಯಲ್ಲಿ ವಿಚ್ಛೇದಿತರೆಂದು ದಾಖಲಾದವರು ಸುಮಾರು 13 ಲಕ್ಷ 60 ಸಾವಿರ. ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುವವರು ಅದರ ಸರಿಸುಮಾರು ಎರಡೂವರೆ ಪಟ್ಟು. ಅಂದರೆ ವಿಚ್ಛೇದನದ ಹೊತ್ತಿಗೆ ಹಾಕುವ ಯಾವ ಸೂತ್ರವೂ ದೊಡ್ಡ ಗುಂಪನ್ನು ತಲುಪುವುದಿಲ್ಲ. ಬೇರಾದ ಹೆಂಗಸರನ್ನು ಮಾತನಾಡಿಸಿ ವಕೀಲೆ ಕೀರ್ತಿ ಸಿಂಗ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ಮಂದಿ ಮರಳಿದ್ದು ತವರಿಗೆ. ಕಾನೂನು ಎಣಿಸದ ನಷ್ಟವನ್ನು ಮುದಿ ತಂದೆತಾಯಿಯ ಪಿಂಚಣಿ, ಅಣ್ಣನ ಸಂಬಳ ಸದ್ದಿಲ್ಲದೆ ತುಂಬುತ್ತಿವೆ ಎಂದರ್ಥ. ಗಾರೆ ಕೆಲಸದವನಿಗೆ ಸಂಬಳ ಚೀಟಿಯಿಲ್ಲ. ಆದೇಶ ಸಿಕ್ಕರೂ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಮತ್ತೆ ಅರ್ಜಿ ಹಾಕಬೇಕು, ವಾರಂಟ್ ಹೊರಡಬೇಕು, ವಾರಂಟ್ ಹಿಡಿದವನಿಗೆ ಅವನು ಸಿಗಬೇಕು. ಇಲ್ಲಿ ಹೊಣೆ ಸರ್ಕಾರದ ಕಡೆ ಹೊರಳುತ್ತದೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ ಸಲ್ಲುವುದರಿಂದ, ತವರಿನ ಚೀಟಿಯಲ್ಲಿ ತಾಯಿಯೋ ಅತ್ತಿಗೆಯೋ ಯಜಮಾನಿಯಾಗಿರುವ ತನಕ ಮಗಳ ಕೈಗೆ ನೇರವಾಗಿ ಬಾರದು. ವಿಚ್ಛೇದಿತರಿಗೂ ಸಿಗುವ ಕರ್ನಾಟಕದ ಮನಸ್ವಿನಿ ಮಾಸಾಶನ ಬಡತನ ರೇಖೆಗಿಂತ ಕೆಳಗಿನ 40ರಿಂದ 64 ವರ್ಷದವರಿಗೆ ಮೀಸಲು. 26ನೆಯ ವಯಸ್ಸಿನಲ್ಲಿ ಮೂರು ವರ್ಷದ ಮಗುವಿನೊಂದಿಗೆ ಬೇರಾದವಳು ಅದಕ್ಕೆ ಅರ್ಹಳಾಗುವ ಹೊತ್ತಿಗೆ ಮಗುವಿಗೆ 17 ತುಂಬಿರುತ್ತದೆ.