ರಾಗಿಹಿಟ್ಟಿನ ಪಟ್ಟಿಯೂ ಟೆಲ್‌ಸ್ಟ್ರಾ ಫೋನ್ ಪುಸ್ತಕವೂ

ಮೆಲ್ಬರ್ನಿನಲ್ಲಿ ರಾಗಿಹಿಟ್ಟು ಎಲ್ಲೆಲ್ಲಿ ಸಿಗುತ್ತೆ ಅಂತ ಒಂದು ಪಟ್ಟಿ ಮಾಡಿ ಇಲ್ಲಿ ಹಾಕಿದ್ದೆ, ನೆನಪಿದೆಯಾ? ಎಷ್ಟೋ ಶನಿವಾರ ಅಂಗಡಿ ಅಂಗಡಿ ಅಲೆದು ಮಾಡಿದ್ದು. ಮೊನ್ನೆ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬಂದದ್ದು ಬೇರೆ ಯಾರದೋ ಪುಟ. ನನ್ನದು ಎಲ್ಲೋ ಕೆಳಗೆ. ಒಂದು ಅಂಗಡಿಯ ಹೆಸರನ್ನು ನಾನು ತಪ್ಪಾಗಿ ಟೈಪಿಸಿದ್ದೆ. ಆ ತಪ್ಪೂ ಹಾಗ್‌ಹಾಗೇ ಅಲ್ಲಿದೆ! ಯಾವುದೋ ಬಾಟ್ ಬಂದು ಗುಡಿಸಿಕೊಂಡು ಹೋಗಿದೆ.

"ಕೋರ್ಟಿಗೆ ಹೋಗಿ" ಅಂದಳು ನನ್ನಾಕೆ, ನಗುತ್ತಾ. ನಗಬೇಕಾದ್ದೇನಿಲ್ಲ. ಪಟ್ಟಿ ಕದ್ದ ಜಗಳ ಈ ದೇಶದಲ್ಲಿ ಹೈಕೋರ್ಟಿನವರೆಗೂ ಹೋಗಿದೆ. (ಆಸ್ಟ್ರೇಲಿಯಾದಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ.)

ಮೊದಲು ಅಮೆರಿಕದ ಕಥೆ. ಅಲ್ಲಿ ರೂರಲ್ ಎಂಬ ಫೋನ್ ಕಂಪನಿ ತನ್ನ ಡೈರೆಕ್ಟರಿಯಲ್ಲಿ ಬೇಕಂತಲೇ ಕೆಲವು ಸುಳ್ಳು ಹೆಸರು ಸೇರಿಸಿತ್ತು. ಫೀಸ್ಟ್ ಎಂಬ ಕಂಪನಿಯ ಪುಸ್ತಕದಲ್ಲಿ ಅಂಥ 4 ಹೆಸರು ಸಿಕ್ಕಿಬಿದ್ದವು. ಕಳ್ಳ ಸಿಕ್ಕ, ಆದರೂ 1991ರಲ್ಲಿ ಗೆದ್ದದ್ದು ಫೀಸ್ಟೇ! ಹೆಸರು, ಊರು, ನಂಬರು ಇವೆಲ್ಲ ಬರೀ ಸಂಗತಿಗಳು, ಅಕಾರಾದಿಯಾಗಿ ಜೋಡಿಸಿದರೆ ಯಾರ ಸೃಷ್ಟಿಯೂ ಆಗೋಲ್ಲ ಅಂತ ತೀರ್ಪು.

ಆಸ್ಟ್ರೇಲಿಯಾ ಇದನ್ನು ಒಪ್ಪಲಿಲ್ಲ. ಟೆಲ್‌ಸ್ಟ್ರಾ ಡೈರೆಕ್ಟರಿಗಳಿಂದ ನಂಬರು ತೆಗೆದು ಡೆಸ್ಕ್‌ಟಾಪ್ ಮಾರ್ಕೆಟಿಂಗ್ ಸಿಸ್ಟಮ್ಸ್‌ನವರು ಸೀಡಿ ಮಾಡಿದಾಗ, ಮೆಲ್ಬರ್ನಿನ ಫೆಡರಲ್ ಕೋರ್ಟು 2001ರಲ್ಲಿ ಟೆಲ್‌ಸ್ಟ್ರಾ ಪರ ನಿಂತಿತು. 2002ರ ಮೇಲ್ಮನವಿಯಲ್ಲೂ ಅದೇ. ಪಟ್ಟಿ ಮಾಡೋಕೆ ಸುರಿಸಿದ ಬೆವರಿಗೂ ಕಾಪಿರೈಟ್ ಉಂಟು ಎಂಬ ಲೆಕ್ಕ. ಆಗ ನಾನು ಪಟ್ಟಿ ಮಾಡಿದ್ದರೆ ಚೆನ್ನಾಗಿತ್ತು!

ಆಮೇಲೆ ಬಂತು ಸಿಡ್ನಿಯ ಐಸ್‌ಟಿವಿ. ಟಿವಿಯಲ್ಲಿ ಯಾವ ಕಾರ್ಯಕ್ರಮ ಎಷ್ಟು ಹೊತ್ತಿಗೆ ಅಂತ ತಿಳಿಸುವ ಗೈಡ್ ಮಾರುತ್ತಿದ್ದ ಕಂಪನಿ. 2004ರಲ್ಲಿ ಅವರ ನೌಕರನೊಬ್ಬ ಮೂರು ವಾರ ಟಿವಿ ನೋಡಿ ವೇಳಾಪಟ್ಟಿ ಬರೆದುಕೊಂಡ (ಇದಕ್ಕೂ ಸಂಬಳ ಕೊಡ್ತಾರೆ ನೋಡಿ). ಆಮೇಲಾಮೇಲೆ ಪ್ರಕಟವಾದ ಗೈಡ್‌ಗಳ ಜೊತೆ ತಾಳೆ ನೋಡಿ ತಿದ್ದುತ್ತಿದ್ದರು. ನೈನ್ ನೆಟ್‌ವರ್ಕ್ ಕೇಸು ಹಾಕಿತು. ಮೊದಲು ಸೋತು, ಮೇಲ್ಮನವಿಯಲ್ಲಿ ಗೆದ್ದು, ಕೊನೆಗೆ 2009ರ ಏಪ್ರಿಲ್ 22ರಂದು ಹೈಕೋರ್ಟಿನಲ್ಲಿ ಮತ್ತೆ ಸೋತಿತು. ವೇಳೆ ಮತ್ತು ಹೆಸರು ತೆಗೆದುಕೊಂಡರೆ ಕಾಪಿರೈಟ್ ಮುರಿದ ಹಾಗಲ್ಲ ಅಂದರು. ಮರುವರ್ಷ ಟೆಲ್‌ಸ್ಟ್ರಾ ಡೈರೆಕ್ಟರಿಗಳೂ ಕಾಪಿರೈಟ್ ಕಳೆದುಕೊಂಡವು: ಪುಸ್ತಕವನ್ನು ಬಹುಪಾಲು ಕಂಪ್ಯೂಟರೇ ಜೋಡಿಸುತ್ತಿತ್ತು, ಬರೆದವರು ಯಾರು ಅಂತ ತೋರಿಸೋಕೆ ಆಗಲಿಲ್ಲ.

ಅಲ್ಲಿಗೆ ನನ್ನ ಶನಿವಾರಗಳ ಬೆವರು ನೀರಾಯ್ತು. ಅಂಗಡಿಯ ಹೆಸರು, ವಿಳಾಸ ಯಾರಪ್ಪನ ಸ್ವತ್ತೂ ಅಲ್ಲ. ಒಂದೊಂದು ಅಂಗಡಿಯ ಬಗ್ಗೆ ನಾನು ಬರೆದ ನಾಲ್ಕು ಸಾಲು ಮಾತ್ರ ನನ್ನದು. ಇನ್ನು ಹುಡುಕಾಟದಲ್ಲಿ ಮೇಲೆ ಬರೋದು? ಅದು ಯಾವ ಕೋರ್ಟಿನ ಕೈಯಲ್ಲೂ ಇಲ್ಲ. ಒಂದೇ ಬರಹ ಎರಡು ಕಡೆ ಕಂಡರೆ ಮೂಲ ಯಾವುದು ಅಂತ ಸರ್ಚ್ ಎಂಜಿನ್ ತಾನೇ ಊಹಿಸುತ್ತೆ. ಕದ್ದು ತುಂಬಿಸಿದ ಸೈಟುಗಳನ್ನು ಕೆಳಗೆ ತಳ್ಳೋಕೆ ಗೂಗಲ್ 2011ರಲ್ಲಿ 'ಪಾಂಡಾ' ತಂದಿತು. ಆದರೂ ಊಹೆ ಊಹೆಯೇ.

ಬಾಟ್‌ಗಳಿಗೆ "ಬರಬೇಡಿ" ಅನ್ನುವ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಕಡತವನ್ನು 1994ರಲ್ಲೇ ಮಾರ್ಟಿನ್ ಕೋಸ್ಟರ್ ಎಂಬಾತ ಸೂಚಿಸಿದ್ದ. ಅದು ಗೇಟಿಗೆ ತಗುಲಿಹಾಕಿದ ಬೋರ್ಡು ಅಷ್ಟೇ. ಕಳ್ಳ ಬೋರ್ಡು ಓದ್ತಾನಾ? ಹಾಗಾಗಿ ಒಂದೇ ಕಡೆಯಿಂದ ನಿಮಿಷಕ್ಕೆ ನೂರು ಸಲ ಬರುವವರನ್ನು ತಡೆಯುವ ಏರ್ಪಾಟು ಮಾಡಿದೆ. ಬರಹದ ಮಧ್ಯೆ ನನ್ನದೇ ಹಳೆಯ ಪುಟಗಳಿಗೆ ಪೂರ್ತಿ ವಿಳಾಸದ ಕೊಂಡಿ ಹಾಕಿದೆ, ಕದ್ದರೆ ಕೊಂಡಿಯೂ ಜೊತೆಗೆ ಹೋಗಲಿ ಅಂತ. ಆ ನಾಲ್ಕು ನಾಲ್ಕು ಸಾಲುಗಳಿಗಾಗಿ ಒಂದು ದೂರೂ ಕೊಟ್ಟೆ.

ಎರಡು ವಾರದಲ್ಲಿ ನನ್ನ ಸಾಲುಗಳು ಅಲ್ಲಿಂದ ಮಾಯ. ಪಟ್ಟಿ ಹಾಗೇ ಇದೆ, ಆ ಅಂಗಡಿಯ ತಪ್ಪು ಹೆಸರಿನ ಸಮೇತ. ನನ್ನ ಪುಟದಲ್ಲಿ ತಿದ್ದಿದ್ದೇನೆ, ನೋಡಿ.