ಗಾಳಕ್ಕೆ ಸಿಲುಕದಿರೋಣ: ಫಿಶಿಂಗ್ ವಂಚನೆಯನ್ನು ಗುರುತಿಸುವ ಬಗೆ

ಇಂದು ಬ್ಯಾಂಕ್ ಖಾತೆಗೆ ಕನ್ನ ಹಾಕುವವರು ಸಾಮಾನ್ಯವಾಗಿ ಬೀಗ ಒಡೆಯುವ ಗೋಜಿಗೆ ಹೋಗುವುದಿಲ್ಲ. ಬೀಗದ ಕೈಯನ್ನು ನಮ್ಮಿಂದಲೇ ಕೇಳಿ ಪಡೆಯುತ್ತಾರೆ. ಬ್ಯಾಂಕ್, ವಿದ್ಯುತ್ ಕಂಪೆನಿ ಅಥವಾ ಪೊಲೀಸರ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸಿ ಗುಪ್ತ ಮಾಹಿತಿಯನ್ನು ಹೊರಗೆಳೆಯುವ ಈ ಕೃತ್ಯವೇ ಫಿಶಿಂಗ್. 'ಗಾಳ ಹಾಕುವುದು' ಎಂಬ ನಮ್ಮ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಅಂತರ್ಜಾಲ ಗ್ರಾಹಕರ ಪಾಸ್‌ವರ್ಡ್ ಕದಿಯುತ್ತಿದ್ದವರ ನಡುವೆ ಈ ಪದ ಹುಟ್ಟಿತು.

ಗಾಳದ ಎರೆ

ಭಯ, ಆತುರ, ಆಸೆ ಮತ್ತು ವಿಶ್ವಾಸ - ಇವು ನಾಲ್ಕೇ ವಂಚಕನ ಬಂಡವಾಳ. "ಕೆವೈಸಿ ನವೀಕರಿಸದಿದ್ದರೆ ಇಂದೇ ಖಾತೆ ಸ್ಥಗಿತ", "ರಾತ್ರಿ 9-30ಕ್ಕೆ ವಿದ್ಯುತ್ ಸಂಪರ್ಕ ಕಡಿತ", "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ" ಎಂಬಂಥ ಸಂದೇಶಗಳು ಯೋಚಿಸಲು ಸಮಯ ಕೊಡುವುದಿಲ್ಲ. ಹೊರನಾಡಿನಲ್ಲಿರುವ ನಮಗೆ ಫೋನಿನಲ್ಲಿ ಕನ್ನಡದ ದನಿ ಕೇಳಿದೊಡನೆ ಮನಸ್ಸು ಕರಗುತ್ತದೆ. ಭಾಷೆ ನಮ್ಮದೆಂದ ಮಾತ್ರಕ್ಕೆ ಮನುಷ್ಯನೂ ನಮ್ಮವನಾಗಬೇಕಿಲ್ಲ.

ಗುರುತಿಸುವುದು ಹೇಗೆ?

* ಓಟಿಪಿ ಎಂದರೆ ನಮ್ಮ ಸಹಿಯಿದ್ದಂತೆ. ಓಟಿಪಿ, ಪಿನ್, ಸಿವಿವಿಗಳನ್ನು ಯಾವ ಬ್ಯಾಂಕ್ ನೌಕರನೂ ಕೇಳುವುದಿಲ್ಲ. ಕೇಳಿದವನು ವಂಚಕನೇ.

* ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. "ಹಣ ಬರಬೇಕಾದರೆ ಪಿನ್ ಒತ್ತಿ" ಎಂದರೆ ಹಣ ಹೋಗಲಿದೆ ಎಂದೇ ತಿಳಿಯಬೇಕು.

* ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಯಿಸಬೇಕಿತ್ತು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ವಿಳಾಸವನ್ನು ನಾವೇ ಟೈಪು ಮಾಡುವುದು ಕ್ಷೇಮ.

* ವಾಟ್ಸಾಪ್‌ನಲ್ಲಿ ಮದುವೆಯ ಕರೆಯೋಲೆ ಎಂದು ಬರುವ 'ಎಪಿಕೆ' ಕಡತವನ್ನು ತೆರೆಯಬಾರದು. ಅದು ಫೋನಿನಲ್ಲಿ ನೆಲೆಸಿ ಓಟಿಪಿಗಳನ್ನು ಕದ್ದು ಓದಬಲ್ಲದು.

* 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ವಿಡಿಯೋ ಕರೆಯಲ್ಲಿ ಬಂಧಿಸುವ ಅಧಿಕಾರ ಯಾವ ಪೊಲೀಸರಿಗೂ ಇಲ್ಲ.

ಹಣ ಹೋದರೆ

ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತಾರೆ. ಬೇಗ ತಿಳಿದರೆ ದಾರಿಯಲ್ಲಿಯೇ ತಡೆಹಿಡಿಯುವ ಅವಕಾಶವಿದೆ. ಗ್ರಾಹಕನೇ ಗುಪ್ತ ಮಾಹಿತಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಬಳಿಕದ್ದು ಬ್ಯಾಂಕಿನದು ಎಂಬ ತತ್ವವನ್ನು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ನಿಗದಿಪಡಿಸಿತು. ಆದ್ದರಿಂದ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಕೊನೆಯದಾಗಿ ಒಂದು ಮಾತು. ಮಕ್ಕಳು ಗದರಿಯಾರೆಂಬ ಅಂಜಿಕೆಯಿಂದ ಹಿರಿಯರು ಎರಡು ಮೂರು ದಿನ ಬಾಯಿ ಬಿಡದೆ, ಬಳಿಕ ಪಾಸ್‌ಬುಕ್ ಹಿಡಿದು ನಮ್ಮ ಮೇಜಿನ ಮುಂದೆ ಮೌನವಾಗಿ ಕುಳಿತದ್ದನ್ನು ಬ್ಯಾಂಕಿನಲ್ಲಿ ದುಡಿಯುವ ನಾವು ಕಂಡಿದ್ದೇವೆ. ಅಷ್ಟರಲ್ಲಿ ಹಣ ಕೈಮೀರಿರುತ್ತದೆ. ಮೋಸಹೋಗುವುದು ಅಪರಾಧವಲ್ಲ, ಓದಿದವರೂ ಅಧಿಕಾರಿಗಳೂ ಮೋಸಹೋಗಿದ್ದಾರೆ. "ಏನೇ ಆದರೂ ಮೊದಲು ನಮಗೆ ಹೇಳಿ, ನಾವು ಬಯ್ಯುವುದಿಲ್ಲ" ಎಂದು ಮನೆಯ ಹಿರಿಯರಿಗೆ ಇಂದೇ ಭರವಸೆ ಕೊಡಬೇಕೆಂದು ಎಲ್ಲ ಕನ್ನಡ ಕುಟುಂಬಗಳಲ್ಲಿ ನಮ್ಮ ಕಳಕಳಿಯ ವಿನಂತಿ.